ಮತ್ತೆ ಮತ್ತೆ ಸೋರಿದ ಕಿವಿ, ಕೈಬಿಡದ ಶರಣಬಸವಪ್ಪ

ಶರಣಬಸವಪ್ಪನನ್ನು ನಂಬಿದ ತಾಯಂದಿರೇ, ಅಣ್ಣತಮ್ಮಂದಿರೇ,

ನನ್ನ ಬಲಗಿವಿ ಸೋರಲು ಶುರುವಾದದ್ದು ಯಾವಾಗ ಎಂದು ನನಗೆ ಗೊತ್ತಿಲ್ಲ. ನನಗೆ ತಿಳಿವಳಿಕೆ ಬರುವ ಮೊದಲೇ ಅದು ಸೋರುತ್ತಿತ್ತು. ಬೆಳಿಗ್ಗೆ ಎದ್ದರೆ ತಲೆದಿಂಬಿನ ಮೇಲೆ ಹಳದಿ ಕಲೆ ಇರುತ್ತಿತ್ತು. ಕಲಬುರಗಿಯ ನಮ್ಮ ತವರುಮನೆಯಲ್ಲಿ ಅವ್ವ ಬೆಳ್ಳುಳ್ಳಿ ಕಾಸಿದ ಎಣ್ಣೆ ಬಿಟ್ಟಳು, ಬೇವಿನ ಹೊಗೆ ಹಿಡಿದಳು, ಯಾರೋ ಹೇಳಿದ ಸೊಪ್ಪಿನ ರಸ ಹಿಂಡಿದಳು. "ದೊಡ್ಡಾಕಿ ಆದ್ರ ತಾನೇ ನಿಲ್ತದ" ಎಂದು ಓಣಿಯವರೆಲ್ಲ ಹೇಳಿದರು. ದೊಡ್ಡವಳಾದೆ. ನಿಲ್ಲಲಿಲ್ಲ.

ತಂದೆಯವರು ಮನೆಯಲ್ಲೇ ನನಗೆ ಕನ್ನಡ ಅಕ್ಷರ ಕಲಿಸಿದ್ದರಿಂದ ಇದನ್ನು ನಾನೇ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಿದ್ದಿಕೊಂಡು ಓದಿರಿ.

ನನ್ನನ್ನು ಕಮಲಾಪುರಕ್ಕೆ ಕೊಟ್ಟರು. ಗಂಡನ ಮನೆಯವರದು ಕೆಂಪು ಬಾಳೆಯ ತೋಟ. ಮದುವೆಯ ಗದ್ದಲದಲ್ಲಿ ಕಿವಿಯ ಮಾತು ಯಾರೂ ಎತ್ತಲಿಲ್ಲ. ಕಿವಿಗೆ ಅರಳೆ ತುರುಕಿ, ಮೇಲೆ ಸೆರಗು ಹೊದ್ದು, ಹೂವು ಮುಡಿದು ಕುಳಿತಿದ್ದೆ. ಆದರೆ ಕೀವಿನ ವಾಸನೆಯನ್ನು ಹೂವು ಎಷ್ಟು ದಿನ ಮುಚ್ಚೀತು? ಆ ವಾಸನೆ ಅನುಭವಿಸಿದವರಿಗೆ ಮಾತ್ರ ಗೊತ್ತು. ನೋವನ್ನು ತಡೆದುಕೊಳ್ಳಬಹುದು. ಮಾತಾಡುತ್ತಿದ್ದವರು ಮಾತಿನ ನಡುವೆ ಮುಖ ಆಚೆ ತಿರುಗಿಸುವುದನ್ನು ತಡೆದುಕೊಳ್ಳಲು ಆಗುವುದಿಲ್ಲ. ನೀರಿಗೆ ಹೋದರೆ ಹೆಂಗಸರು ಒಂದು ಮಾರು ದೂರ ನಿಲ್ಲುತ್ತಿದ್ದರು. ರೊಟ್ಟಿ ಬಡಿಯಲು ಕುಳಿತರೆ ನಾದಿನಿ ಮೆಲ್ಲಗೆ ಹಿಟ್ಟಿನ ಪರಾತವನ್ನು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು.

ಒಂದು ದಿನ ಅತ್ತೆ ಶಿವಗಂಗಮ್ಮ ನನ್ನನ್ನು ಹಿತ್ತಲಿಗೆ ಕರೆದರು. ಬಾಯಿ ಜೋರಿನ ಹೆಂಗಸು. ತೋಟದ ಆಳುಗಳು ಮಾವನವರಿಗಿಂತ ಅವರಿಗೇ ಹೆದರುತ್ತಿದ್ದರು. ತವರಿಗೆ ಕಳಿಸುತ್ತಾರೆಂದೇ ಅಂದುಕೊಂಡೆ.

"ಸೆರಗ ತಗಿ. ಕಿವಿ ತೋರಸು" ಎಂದರು.

ತೋರಿಸಿದೆ. ಬಿಸಿಲಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. ಮೂಗು ಮುಚ್ಚಿಕೊಳ್ಳಲಿಲ್ಲ.

"ಇಷ್ಟ ದಿನಾ ಯಾಕ ಹೇಳ್ಲಿಲ್ಲ ಚೆನ್ನಿ? ನಾ ಏನ ಹುಲಿ ಏನ, ತಿಂತಿದ್ನಾ? ನಾಳಿ ಮೋಟಾರಿಗಿ ಕಲಬುರಗಿ ದವಾಖಾನಿಗಿ ಹೋಗಮು ನಡಿ."

ಅವತ್ತಿನಿಂದ ನನ್ನ ಕಿವಿ ಅವರ ಪಾಲಿಗೆ ಒಂದು ಹಟವಾಯಿತು.

ಕಲಬುರಗಿಯ ದವಾಖಾನೆಯಲ್ಲಿ ಆಗ ಒಬ್ಬ ದೊಡ್ಡ ಡಾಕ್ಟರ್ ಸಾಹೇಬರಿದ್ದರು. ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಮುಸಲ್ಮಾನರು, ತೆಳ್ಳಗಿನ ಮನುಷ್ಯ, ಕಪ್ಪು ಟೊಪ್ಪಿಗೆ. ನಮ್ಮ ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದರು. ಹಣೆಗೆ ಕಟ್ಟಿಕೊಂಡ ಕನ್ನಡಿಯಿಂದ ಕಿವಿಯೊಳಗೆ ಬೆಳಕು ಬಿಟ್ಟು ನೋಡಿ ಹೇಳಿದರು: "ಕಿವಿ ಹಿಂದಿನ ಎಲುಬು ಕೊಳಿಯಾಕತ್ತದ ಅಮ್ಮಾ. ಕೆತ್ತಿ ತಗೀಬೇಕು. ಬಿಟ್ಟರ ಒಳಗ ಹೋಗ್ತದ. ಒಳಗ ಮಿದುಳದ."

ಮೊದಲ ಆಪರೇಷನ್ ಪೋಲೀಸ್ ಆಕ್ಷನ್ನಿನ ಹಿಂದಿನ ವರ್ಷ ಆಯಿತು. ಮೂಗಿಗೆ ಔಷಧದ ಬಟ್ಟೆ ಹಿಡಿದರು. ಉಸಿರು ಕಟ್ಟಿದಂತಾಗಿ "ಅಪ್ಪಾ ಶರಣಬಸವಪ್ಪಾ" ಎಂದದ್ದಷ್ಟೇ ನೆನಪು. ಎಚ್ಚರವಾದಾಗ ತಲೆಯ ಸುತ್ತ ಪಟ್ಟಿ, ಬಾಯಲ್ಲಿ ಕಹಿ, ಮಂಚದ ಕೆಳಗೆ ನೆಲದ ಮೇಲೆ ಅತ್ತೆ. ಪಟ್ಟಿ ಬಿಚ್ಚಿದ ಮೇಲೆ ಕಿವಿ ಒಣಗಿತ್ತು. ನನ್ನ ಜನ್ಮದಲ್ಲಿ ಮೊದಲ ಸಲ ಕಿವಿ ಒಣಗಿತ್ತು! ದವಾಖಾನೆಯಿಂದ ನೇರವಾಗಿ ಶರಣಬಸವಪ್ಪನ ಗುಡಿಗೆ ಹೋಗಿ ಗದ್ದುಗೆಗೆ ಸಕ್ಕರೆ ಒಪ್ಪಿಸಿ ಊರಿಗೆ ಬಂದೆವು. ಆ ಚಳಿಗಾಲವೆಲ್ಲ ನಾನು ಬೇರೆಯವಳೇ ಆಗಿದ್ದೆ. ಸಂತೆಗೆ ಹೋದೆ. ಹೆಂಗಸರ ನಡುವೆ ಒತ್ತಿಕೊಂಡು ಕುಳಿತು ಮದುವೆಯ ಹಾಡು ಹೇಳಿದೆ.

ಬೇಸಿಗೆ ಹತ್ತಿದಾಗ ಒಂದು ಮಧ್ಯಾಹ್ನ ಕಿವಿ ತುರಿಸಿತು. ಬೆರಳಿಟ್ಟು ನೋಡಿದೆ. ಒದ್ದೆಯಾಗಿತ್ತು.

ಯಾರಿಗೂ ಹೇಳಲಿಲ್ಲ. ಬೆವರಿರಬೇಕು ಅಂದುಕೊಂಡೆ, ಸ್ನಾನದ ನೀರಿರಬೇಕು ಅಂದುಕೊಂಡೆ. ಆಮೇಲೆ ವಾಸನೆ ಬಂತು. ಅಡುಗೆಮನೆಯಲ್ಲಿ ಅತ್ತೆ ನನ್ನ ಕಡೆ ನೋಡಿದರು. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟು, "ಮತ್ತ ಬಂತೇನ?" ಎಂದು ಕೇಳಿದರು. ನಾನು ಗೋಣು ಹಾಕಿದೆ.

ಆ ವರ್ಷದ ಮಳೆಗಾಲ ಹೇಗಿತ್ತೆಂದು ನಮ್ಮ ಕಡೆಯ ಹಿರಿಯರಿಗೆ ಹೇಳಬೇಕಾಗಿಲ್ಲ. ನಿಜಾಮರ ಕಡೆಯ ರಜಾಕಾರರ ಭಯಕ್ಕೆ ಎಷ್ಟೋ ಮನೆಯವರು ಸೊಲ್ಲಾಪುರದ ಕಡೆ ಹೋಗಿಬಿಟ್ಟಿದ್ದರು. ರಜಾಕಾರರು ದಾರಿಯಲ್ಲಿ ಮೋಟಾರು ನಿಲ್ಲಿಸಿ ಗಂಟುಮೂಟೆ ಬಿಚ್ಚಿಸುತ್ತಿದ್ದರು. ಅಂಥ ದಿನಗಳಲ್ಲಿ ಅತ್ತೆ ನನ್ನನ್ನು ಎರಡನೇ ಸಲ ದವಾಖಾನೆಗೆ ಕರೆದುಕೊಂಡು ಹೋದರು. ದೊಡ್ಡ ಡಾಕ್ಟರ್ ಸಾಹೇಬರು ಮತ್ತೆ ಕೊಯ್ದರು. ಹೊಲಿಗೆ ಇನ್ನೂ ಹಸಿಯಾಗಿದ್ದಾಗಲೇ ಬಂದು, "ಅಮ್ಮಾ, ಊರಿಗಿ ಹೋಗಿಬಿಡ್ರಿ. ರಸ್ತೆ ಯಾವಾಗ ಬಂದ್ ಆಗ್ತದೋ ಹೇಳಾಕ ಬರಂಗಿಲ್ಲ. ಹೊಲಿಗಿ ಬಿಚ್ಚಾಕ ಆಮ್ಯಾಲ ಬರ್ರಿ" ಎಂದರು. ಅವರ ಮುಖ ಇಳಿದಿತ್ತು.

ಆಮೇಲೆ ಹೋಗಲು ಆಗಲಿಲ್ಲ. ಪೋಲೀಸ್ ಆಕ್ಷನ್ ಆಯಿತು, ಹಿಂದುಸ್ಥಾನದ ದಂಡು ಬಂದು ನಿಜಾಮರ ಆಳ್ವಿಕೆ ಮುಗಿಯಿತು. ಮೊದಲು ನಾವು ಹೆದರಿದ್ದೆವು, ಈಗ ಮುಸಲ್ಮಾನರು ಹೆದರಿದರು. ನಮ್ಮ ಕಡೆಯ ಊರುಗಳಲ್ಲಿ ಏನೇನು ನಡೆಯಿತೋ ಅದನ್ನು ಕಂಡವರು ಇನ್ನೂ ಬಾಯಿ ಬಿಟ್ಟು ಹೇಳುವುದಿಲ್ಲ. ನಾನೂ ಹೇಳಲಾರೆ. ಮೋಟಾರು ನಿಂತಿತು. ನನ್ನ ಹೊಲಿಗೆಯನ್ನು ಅತ್ತೆಯೇ ಕುದಿಸಿದ ಕತ್ತರಿಯಿಂದ ಬಿಚ್ಚಿದರು. ಗಾಯ ಕೂಡಲಿಲ್ಲ. ಕಿವಿಯ ಹಿಂದೊಂದು, ಒಳಗೊಂದು, ಹೀಗೆ ಎರಡು ಕಡೆ ಸೋರತೊಡಗಿತು. ದಿನಾ ಬಿಸಿನೀರಲ್ಲಿ ಬಟ್ಟೆ ಅದ್ದಿ ಒರೆಸುತ್ತ ಅತ್ತೆ ಬೈಯುತ್ತಿದ್ದರು, ನನ್ನನ್ನಲ್ಲ, ಕಿವಿಯನ್ನು.

ಮೋಟಾರು ಮತ್ತೆ ಓಡತೊಡಗಿದ ಮೇಲೆ ಕಲಬುರಗಿಗೆ ಹೋದರೆ ದೊಡ್ಡ ಡಾಕ್ಟರ್ ಸಾಹೇಬರು ಇರಲಿಲ್ಲ. ಅವರ ಕುರ್ಚಿಯಲ್ಲಿ ಎಳೆಯ ವಯಸ್ಸಿನ ಹೊಸ ಡಾಕ್ಟರಿದ್ದರು. "ಅವರು ಕೆಲಸಾ ಬಿಟ್ರು" ಎಂದರು ಒಬ್ಬರು. "ಹೈದರಾಬಾದಿಗಿ ಹೋಗ್ಯಾರ" ಎಂದರು ಇನ್ನೊಬ್ಬರು. "ಪಾಕಿಸ್ತಾನಕ್ಕ ಹೋದ್ರು" ಎಂದವರೂ ಉಂಟು. ಹೊಸ ಡಾಕ್ಟರು ಕಿವಿ ನೋಡಿ, ಇದು ಇಲ್ಲಿ ಆಗುವ ಕೆಲಸವಲ್ಲ, ಹೈದರಾಬಾದಿಗೆ ಹೋಗಿ ಎಂದು ಪ್ರಾಮಾಣಿಕವಾಗಿ ಹೇಳಿದರು.

ನಮ್ಮ ಯಜಮಾನರು, ಅತ್ತೆ, ನಾನು ರೈಲು ಹತ್ತಿದೆವು. ವಾಡಿಯಲ್ಲಿ ಗಾಡಿ ಬದಲಿಸಲು ಕಾಯುತ್ತ ಕುಳಿತಾಗ ನನಗೆ ತಲೆ ತಿರುಗಿ ವಾಂತಿಯಾಯಿತು. ಹೈದರಾಬಾದಿನಲ್ಲಿ ಮೂರನೇ ಆಪರೇಷನ್ ಆಯಿತು. ಎಚ್ಚರವಾಗಿ ನೀರು ಕೇಳಿ ಕುಡಿದರೆ ನೀರು ಬಾಯಿಯ ಬಲಗಡೆಯಿಂದ ಸುರಿದು ಕುಪ್ಪಸ ತೊಯ್ದಿತು. ಬಲಗಣ್ಣು ಮುಚ್ಚಲು ಹೋದರೆ ಮುಚ್ಚಲಿಲ್ಲ. ಮುಖದ ನರಕ್ಕೆ ಪೆಟ್ಟಾಗಿದೆ ಎಂದರು. ಕೊಳೆತ ಎಲುಬಿನಲ್ಲೇ ಆ ನರ ಹೋಗುತ್ತದಂತೆ, ಅದು ಯಾರ ತಪ್ಪೂ ಅಲ್ಲವಂತೆ. ನಾನು ಕನ್ನಡಿ ಕೇಳಿದೆ. ಅತ್ತೆ ಕೊಡಲಿಲ್ಲ. ಯಜಮಾನರು ನನ್ನ ಮುಖ ನೋಡಿ ಕಿಟಕಿಯ ಕಡೆ ತಿರುಗಿದರು. ಅವರು ಕೆಟ್ಟವರಲ್ಲ. ಮನುಷ್ಯ ಎಷ್ಟು ಸಲ ಆಸೆಪಟ್ಟಾನು!

ವರ್ಷ ತುಂಬುವ ಮೊದಲೇ ಅದೇ ಕಿವಿ ಮತ್ತೆ ಸೋರಿತು.

ಈ ಸಲ ನಾನು ಅಳಲೂ ಇಲ್ಲ. ಹಣೆಗೆ ವಿಭೂತಿ ಹಚ್ಚುವುದನ್ನು ಬಿಟ್ಟೆ. ಬೆಳಿಗ್ಗೆ ಲಿಂಗಪೂಜೆಗೆ ಕುಳಿತರೆ ಕೈ ಅದರ ಪಾಡಿಗೆ ಅದು ಮಾಡುತ್ತಿತ್ತು, ಮನಸ್ಸು ಅಲ್ಲಿರಲಿಲ್ಲ. ಶರಣಬಸವಪ್ಪನ ಹೆಸರು ಯಾರಾದರೂ ಎತ್ತಿದರೆ ಎದ್ದು ಹೋಗುತ್ತಿದ್ದೆ. ತೋಟದ ಬಾವಿಯ ಕಟ್ಟೆಯ ಮೇಲೆ ಬಹಳ ಹೊತ್ತು ಕೂರುತ್ತಿದ್ದೆ. ಅತ್ತೆ ಅದನ್ನು ಗಮನಿಸಿ ತಮ್ಮ ಬೀಸುವ ಕೆಲಸ, ಹಸನು ಮಾಡುವ ಕೆಲಸವನ್ನೆಲ್ಲ ಬಾವಿಯ ಬಳಿಗೇ ತಂದುಕೊಂಡರು. ದಿನಾ ಬೆಳಿಗ್ಗೆ ತಾವೇ ಬಂದು ನನ್ನ ಹಣೆಗೆ ವಿಭೂತಿ ಎಳೆದು ಹೋಗುತ್ತಿದ್ದರು.

ಮುಂದಿನ ವರ್ಷದ ಶ್ರಾವಣದಲ್ಲಿ ತಲೆನೋವು ಶುರುವಾಯಿತು. ಅದು ನೋವಲ್ಲ, ತಲೆಯೊಳಗೆ ಯಾರೋ ಗೂಟ ಬಡಿದಂತೆ. ಜ್ವರ ಏರಿತು. ಕುಡಿದ ನೀರೂ ನಿಲ್ಲಲಿಲ್ಲ. ಕುತ್ತಿಗೆ ಬಗ್ಗಲಿಲ್ಲ. ನಡು ನಡುವೆ ನಾನು ಏನೇನೋ ಮಾತಾಡುತ್ತಿದ್ದೆನಂತೆ. ಯಜಮಾನರು ನನ್ನನ್ನು ಎತ್ತಿಕೊಂಡೇ ಮೋಟಾರು ಹತ್ತಿದರು. ಒಂದೊಂದು ತಗ್ಗು ಬಂದಾಗಲೂ ನಾನು ಕಿರುಚಿದ್ದು ನೋಡಿ ಡ್ರೈವರು ಕಲಬುರಗಿಯ ತನಕ ಎತ್ತಿನ ಗಾಡಿಯ ಹಾಗೆ ಮೆಲ್ಲಗೆ ಹೊಡೆದನಂತೆ.

ಹೊಸ ಡಾಕ್ಟರು ನೋಡಿ ಯಜಮಾನರನ್ನು ಹೊರಗೆ ಕರೆದರು. ಕೀವು ಮಿದುಳಿನ ತನಕ ಹೋಗಿದೆ. ಹೈದರಾಬಾದಿಗೆ ಒಯ್ದರೆ ದಾರಿಯಲ್ಲೇ ಜೀವ ಹೋದೀತು. ಇಲ್ಲಿ ಕೊಯ್ಯೋಣವೆಂದರೆ ಮೂರು ಸಲ ಕೊಯ್ದ ಕಿವಿ, ಒಳಗೆ ಯಾವುದು ಎಲ್ಲಿದೆಯೋ ತಿಳಿಯದು. "ನಾನು ಒಬ್ಬನೇ ಕೈ ಹಾಕಿದರೆ ಮೇಜಿನ ಮೇಲೇ ಹೋಗುತ್ತಾರೆ" ಎಂದರು. ಸೂಜಿ ಚುಚ್ಚಿ, ನೋವು ಕಡಿಮೆಯಾಗಲು ಔಷಧ ಕೊಟ್ಟರು.

ಯಜಮಾನರು ಒಳಗೆ ಬಂದು, "ಅವ್ವಾ, ಊರಿಗಿ ಒಯ್ಯಮು. ಮನ್ಯಾಗ ಹೋಗ್ಲಿ ಆಕಿ" ಎಂದರು. ಅವರ ಧ್ವನಿ ನನಗೆ ಎಡಗಿವಿಯಲ್ಲಿ ಕೇಳಿಸಿತು. ನನಗೆ ದುಃಖವಾಗಲಿಲ್ಲ. ಇನ್ನು ಯಾರೂ ಕೊಯ್ಯುವುದಿಲ್ಲ ಎಂಬ ಸಮಾಧಾನವೇ ಆಯಿತು.

"ಒಯ್ಯಮು" ಎಂದರು ಅತ್ತೆ. "ಮೊದ್ಲ ಅಪ್ಪನ ಗುಡಿಗಿ ನಡಿ. ಆಂವಗ ಒಂದ ಮಾತ ಕೇಳಿ ಹೋಗ್ತೀನಿ."

ಟಾಂಗಾದಲ್ಲಿ ಗುಡಿಗೆ ಒಯ್ದರು. ಮಧ್ಯಾಹ್ನದ ದಾಸೋಹ ಮುಗಿದು ಜನ ಕೈತೊಳೆಯುತ್ತಿದ್ದರು. ಕಂಬದ ನೆರಳಿನಲ್ಲಿ ನನ್ನನ್ನು ಮಲಗಿಸಿ, ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅತ್ತೆ ಗದ್ದುಗೆಯ ಕಡೆ ನೋಡುತ್ತ ಕುಳಿತರು. ಆಮೇಲೆ ಬೈಯಲು ಶುರುಮಾಡಿದರು.

"ಅಪ್ಪಾ, ಹಸದವ್ರಿಗಿ ಉಣ್ಣಾಕ ಹಾಕ್ತಿ ಅಂತ ಹೆಸರ ನಿಂದು. ಈ ಹುಡುಗಿ ಏನ ಬೇಡಿದ್ಲು? ಬಂಗಾರ ಬೇಡಿದ್ಲೇನ? ಮೂರ ಸಲ ಕೊಯ್ಸಿದಿ. ಮಾರಿ ಸೊಟ್ಟ ಮಾಡಿದಿ. ಈಗ ಜೀವಾ ತಗೋತಿ? ಆ ದೊಡ್ಡ ಡಾಕ್ಟರ್ ಸಾಹೇಬನ್ನ ಇಟ್ಟಿದ್ರ ಏನಾಗ್ತಿತ್ತು ನಿನಗ? ಆಂವನ್ನೂ ಊರ ಬಿಡಿಸಿದಿ!"

ಜನ ತಿರುಗಿ ನೋಡಿದರು. ಯಜಮಾನರು "ಅವ್ವಾ, ಸಾಕು ಮಾಡು" ಎಂದು ಭುಜ ಹಿಡಿದರು. ಅಷ್ಟರಲ್ಲಿ ಊಟ ಮಾಡಿ ಎದ್ದ ಒಬ್ಬ ಮುದುಕಿ ಸೆರಗಿಗೆ ಕೈ ಒರೆಸುತ್ತ ಹತ್ತಿರ ಬಂದಳು.

"ಯಾವ ಸಾಹೇಬ ಯಕ್ಕಾ? ದವಾಖಾನಿ ಸಾಹೇಬನಾ, ಕರಿ ಟೊಪ್ಪಿಗಿ?"

"ಹೌದವ್ವಾ."

"ಆಂವ ಎಲ್ಲಿ ಊರ ಬಿಟ್ಟಾನ? ಮನಿ ಬಾಗಲಾ ಹಾಕ್ಕೊಂಡು ಒಳಗ ಕೂತಾನ. ನಿನ್ನಿನೇ ಅವರ ಮನಿ ಅರಬಿ ಒಗದು ಕೊಟ್ಟು ಬಂದೀನಿ."

ಅತ್ತೆ ಆ ಅಗಸರ ಮುದುಕಿಯ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರಂತೆ. ನನ್ನ ತಲೆಯನ್ನು ಯಜಮಾನರ ತೊಡೆಗೆ ದಾಟಿಸಿ ಅವಳ ಜೊತೆ ಹೊರಟೇಬಿಟ್ಟರು. ಮುಂದಿನದನ್ನು ಅತ್ತೆ ನನಗೆ ಆಮೇಲೆ ಹೇಳಿದ್ದು.

ಡಾಕ್ಟರ್ ಸಾಹೇಬರ ಬಾಗಿಲು ಬಡಿದರೆ ಬಹಳ ಹೊತ್ತು ಯಾರೂ ತೆರೆಯಲಿಲ್ಲ. ಹೊರಗಿನವರು ಬಾಗಿಲು ಬಡಿದರೆ ಆ ಮನೆಯವರಿಗೆ ಇನ್ನೂ ಭಯ. ಅಗಸರ ಮುದುಕಿ ದನಿ ಕೊಟ್ಟ ಮೇಲೆ ಅವರೇ ಬಂದು ತೆರೆದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಅತ್ತೆಯನ್ನು ನೋಡಿ ಹೆಸರು ನೆನಪಾಗದೆ ಹಣೆ ಉಜ್ಜಿಕೊಂಡರು.

"ಕಮಲಾಪುರದವ್ರು… ಸೊಸಿ ಕಿವಿ. ಬಲಗಿವಿ. ಹೌದಲ್ಲ?"

"ಹೌದ್ರಿ ಸಾಹೇಬ್ರ. ಸಾಯಾಕತ್ಯಾಳ. ಮಿದುಳಿಗಿ ಏರ್ಯದಂತ."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತರು. "ನಾ ಕೆಲಸಾ ಬಿಟ್ಟೀನಿ ಅಮ್ಮಾ. ನನ್ನ ಮಗ ಆ ಪೋಲೀಸ್ ಆಕ್ಷನ್ ಗದ್ಲದಾಗ ಹೋದ. ಅವತ್ತಿನಿಂದ ನೋಡ್ರಿ ಕೈ." ಕೈ ಮುಂದೆ ಚಾಚಿದರು. ಬೆರಳುಗಳು ನಡುಗುತ್ತಿದ್ದವು. "ಚಹಾದ ಬಟ್ಟಲಾ ಸೈತ ಹಿಡಿಯಾಕ ಆಗಂಗಿಲ್ಲ."

ಮಗ ಸತ್ತದ್ದು ಅತ್ತೆಗೆ ಗೊತ್ತಿರಲಿಲ್ಲ.  ಹೊಸ್ತಿಲ ಮುಂದೆ ಹಾಗೇ ನೆಲಕ್ಕೆ ಕುಳಿತುಬಿಟ್ಟರು. ಸಾಹೇಬರೂ ಒಳಗೆ ಹೋಗದೆ ಹೊಸ್ತಿಲ ಆಚೆ ಕುಳಿತರು.  ಕೊನೆಗೆ ಅತ್ತೆ ಮೆಲ್ಲಗೆ ಹೇಳಿದರು:

"ನಿಮ್ಮ ಕೈ ಬ್ಯಾಡ್ರಿ ಸಾಹೇಬ್ರ. ಅಲ್ಲಿ ಒಬ್ಬ ಹುಡುಗ ಡಾಕ್ಟರ ಅದಾನ, ಆಂವನ ಕೈ ಅವ. ಆಂವಗ ದಾರಿ ಗೊತ್ತಿಲ್ಲ, ನಿಮಗ ಗೊತ್ತದ. ಬಾಜೂಕ ಕುಂತು ಹೇಳ್ರಿ. ಉಳದ್ರ ಉಳೀತಾಳ. ಹೋದ್ರ ನಿಮ್ಮ ಮ್ಯಾಲ ಹಾಕಂಗಿಲ್ಲ ನಾ, ಅಪ್ಪನ ಮ್ಯಾಲ ಹಾಕ್ತೀನಿ."

ಸಾಹೇಬರು ಒಳಗೆ ಹೋದರು. ಬಾಗಿಲು ಮುಚ್ಚಿತೆಂದೇ ಅತ್ತೆ ಅಂದುಕೊಂಡರು. ಆದರೆ ಅವರು ಟೊಪ್ಪಿಗೆ ಹಾಕಿಕೊಂಡು ಹೊರಗೆ ಬಂದರು.

ಆಪರೇಷನ್ ಕೋಣೆಗೆ ಒಯ್ಯುವಾಗ ನನಗೆ ಅರೆಬರೆ ಎಚ್ಚರವಿತ್ತು. ತಲೆಯ ಬಳಿ ಸ್ಟೂಲಿನ ಮೇಲೆ ಬಿಳಿ ಗಡ್ಡದ ಒಬ್ಬರು ಬಾಗಿ ಕುಳಿತಿದ್ದರು. ಯಾರೆಂದು ಗುರುತು ಹತ್ತಲಿಲ್ಲ. ನಾನು ಪ್ರಾರ್ಥನೆ ಮಾಡಲಿಲ್ಲ. ಅದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ. ಆ ಹೊತ್ತಿಗೆ ನನ್ನಲ್ಲಿ ಪ್ರಾರ್ಥನೆಯೇ ಉಳಿದಿರಲಿಲ್ಲ. ಹೊರಗೆ ಕುಳಿತ ಅತ್ತೆಯ ಮುದಿ ಜೀವ ನನ್ನ ಪಾಲಿನದನ್ನೂ ಸೇರಿಸಿ ಮಾಡುತ್ತಿತ್ತು.

ಹೊಸ ಡಾಕ್ಟರು ಆಮೇಲೆ ನನಗೆ ಹೇಳಿದರು: "ಹಿರಿಯರು ಒಂದು ಸಲವೂ ದನಿ ಏರಿಸಲಿಲ್ಲ. ಅಲ್ಲಿ ಬೇಡ, ಸ್ವಲ್ಪ ಮೇಲೆ. ನಿಲ್ಲು, ಅಲ್ಲೇ ನರ ಇದೆ. ಈಗ ಹೋಗು, ಹೀಗೆ ಹೇಳುತ್ತ ಹೋದರು. ಕೀವಿನ ಗಂಟು ಅವರು ಹೇಳಿದ ಕಡೆಯೇ ಇತ್ತು." ಆಗಷ್ಟೇ ನಮ್ಮ ಕಡೆ ಬರತೊಡಗಿದ್ದ ಪೆನಿಸಿಲಿನ್ ಸೂಜಿಯನ್ನೂ ಹೇಗೋ ತರಿಸಿ ಹಗಲೂ ರಾತ್ರಿ ಚುಚ್ಚಿದರು.

ನನಗೆ ಸರಿಯಾಗಿ ಎಚ್ಚರವಾದಾಗ ಸಂಜೆಯ ಬಿಸಿಲು ಗೋಡೆಯ ಮೇಲಿತ್ತು. ಕುತ್ತಿಗೆ ಬಗ್ಗಿತು. ತಲೆಯಲ್ಲಿದ್ದ ಗೂಟ ಇರಲಿಲ್ಲ. ಅತ್ತೆ ಕುಳಿತಲ್ಲೇ ಬಾಯಿ ತೆರೆದು ನಿದ್ದೆ ಹೋಗಿದ್ದರು. ಯಜಮಾನರು ಬಟ್ಟಲಲ್ಲಿ ಗಂಜಿ ಹಿಡಿದು ಬಂದರು. ಕಣ್ಣು ತೆರೆದ ನನ್ನನ್ನು ನೋಡುತ್ತ ಅರ್ಧ ಗಂಜಿ ಚೆಲ್ಲಿದರು. ಸೊಟ್ಟ ಬಾಯಿಯ ಎಡಗಡೆಯಿಂದ ಅವರೇ ಕುಡಿಸಿದರು. ಮುಖ ತಿರುಗಿಸಲಿಲ್ಲ.

ಡಾಕ್ಟರ್ ಸಾಹೇಬರು ಬಂದು ನನಗೆ ನೇರವಾಗಿ ಹೇಳಿದರು: "ಬೇಟಿ, ಈ ಕಿವಿ ಇನ್ನ ಕೇಳಂಗಿಲ್ಲ. ಮಾರಿನೂ ಪೂರಾ ನೆಟ್ಟಗ ಆಗಂಗಿಲ್ಲ. ಹಿಂದಿನ ಸಲ ಎಲ್ಲಾ ಮುಚ್ಚಿ ಹೊಲದಿದ್ವಿ, ಈ ಸಲ ಗಾಯದ ಬಾಗಲಾ ತೆರದೇ ಇಡಿಸೀನಿ. ರೋಗ ಮತ್ತ ಬಂದ್ರ ಹೊರಗ ಕಾಣಸ್ತದ, ಒಳಗ ಹೋಗಿ ಕೊಲ್ಲಂಗಿಲ್ಲ. ಆದ್ರ ಬದುಕಿರೋ ತನಕ ಬಂದು ಸ್ವಚ್ಛ ಮಾಡಿಸ್ಕೋಬೇಕು. ಮತ್ತ ಕೊಯ್ಯೋದೂ ಬರಬಹುದು."

ಆ ಮಾತು ಕೇಳಿ ನಾನು ಅತ್ತುಬಿಟ್ಟೆ. ಸಂತೋಷಕ್ಕಲ್ಲ. ಇಷ್ಟೆಲ್ಲ ಆದ ಮೇಲೂ ಇದಕ್ಕೆ ಕೊನೆ ಇಲ್ಲವಲ್ಲ ಎಂದು ಅಳು ಬಂತು. ಸಾಹೇಬರು ಅಳು ನಿಲ್ಲುವ ತನಕ ಮಂಚದ ಪಕ್ಕದಲ್ಲಿ ನಿಂತಿದ್ದರು.

ಊರಿಗೆ ಹೊರಡುವ ದಿನ ನಮ್ಮ ತೋಟದ ಕೆಂಪು ಬಾಳೆಯ ಗೊನೆ ಹಿಡಿದು ಅವರ ಮನೆಗೆ ಹೋದೆವು. ಬಾಗಿಲಿಗೆ ಬೀಗವಿತ್ತು. ಪಕ್ಕದ ಮನೆಯವರು, "ಸಾಹೇಬ್ರು ದವಾಖಾನಿಗಿ ಹೋಗ್ಯಾರ್ರಿ. ಆ ಹೊಸಾ ಡಾಕ್ಟರ್ ಬಂದು ದಿನಾ ಕರಕೊಂಡು ಹೋಗ್ತಾರ" ಎಂದರು. ಮಗ ಹೋದ ಮೇಲೆ ಹೊಸ್ತಿಲು ದಾಟದೆ ಕುಳಿತಿದ್ದ ಮನುಷ್ಯ! ಅತ್ತೆ ಗೊನೆಯನ್ನು ಬಾಗಿಲ ಬಳಿ ಇಟ್ಟು, ಬೀಗ ಹಾಕಿದ ಆ ಬಾಗಿಲಿಗೆ ಕೈಮುಗಿದರು. ನನಗೆ ಅಲ್ಲಿ ನಿಂತಾಗ ಹೊಳೆಯಿತು. ಅಪ್ಪ ಅವತ್ತು ಎತ್ತಿ ನಿಲ್ಲಿಸಿದ್ದು ನನ್ನೊಬ್ಬಳನ್ನಲ್ಲ. ಅವರನ್ನು ಹೊರಗೆ ತರಲು ನನ್ನ ಕಿವಿ ಬೇಕಾಯಿತೋ, ನನ್ನನ್ನು ಉಳಿಸಲು ಅವರು ಬೇಕಾದರೋ, ಆ ಲೆಕ್ಕ ನಮ್ಮಂಥವರಿಗೆ ತಿಳಿಯುವುದಲ್ಲ.

ಇದಾದ ಮೇಲೆ ಕಿವಿಯನ್ನು ಇನ್ನೊಂದು ಸಲ ಕೊಯ್ದಿದ್ದಾರೆ. ಒಳಗೆ ಬೆಳೆದ ಮಾಂಸ ತೆಗೆದರು. ಸಾಹೇಬರು ಆಗಲೂ ಸ್ಟೂಲಿನ ಮೇಲೆ ಕುಳಿತಿದ್ದರು. ಈಗ ಅವರಿಲ್ಲ. ಹೋದ ವರ್ಷ ನನ್ನ ಅತ್ತೆ ಶಿವಗಂಗಮ್ಮನವರೂ ಲಿಂಗೈಕ್ಯರಾದರು. ಕೊನೆಯ ತನಕ ನನ್ನ ಕಿವಿ ಒರೆಸುವ ಬಟ್ಟೆಯನ್ನು ಬೇರೆಯವರ ಕೈಗೆ ಕೊಡಲಿಲ್ಲ.

ನಮ್ಮ ಜಿಲ್ಲೆ ಮೈಸೂರಿನ ಕಡೆಗೆ ಸೇರುತ್ತದೆಂದು ಎಲ್ಲ ಕಡೆ ಮಾತು ನಡೆದಿರುವ ಈ ದಿನಗಳಲ್ಲಿ ನನ್ನ ಕಿವಿ ಮತ್ತೆ ಸೋರತೊಡಗಿದೆ. ಹೋದ ಸೋಮವಾರ ದವಾಖಾನೆಯಲ್ಲಿ ಹೊಸ ಡಾಕ್ಟರಿಗೆ ತೋರಿಸಿದೆ. ಈಗ ಅವರನ್ನು ಹೊಸಬರೆನ್ನುವಂತಿಲ್ಲವಾದರೂ ನಾವು ಹೊಸ ಡಾಕ್ಟರೆಂದೇ ಕರೆಯುತ್ತೇವೆ. ಅವರು ನೋಡಿ, ಮತ್ತೆ ಕೊಯ್ಯಬೇಕು ಎಂದರು. ನನಗೆ ಧೈರ್ಯ ಬಂದಿದೆ ಎಂದು ಬರೆದರೆ ಸುಳ್ಳಾದೀತು. ಆ ಔಷಧದ ಬಟ್ಟೆಯನ್ನು ಮರೆತಿಲ್ಲ.

ಅಲ್ಲಿಂದ ಅಪ್ಪನ ಗುಡಿಗೆ ಹೋದೆ. ಇಷ್ಟು ವರ್ಷ ಬದುಕಿಸಿದ್ದಕ್ಕೆ, ಅಂಥ ಅತ್ತೆಯನ್ನು ಕೊಟ್ಟದ್ದಕ್ಕೆ, ಊಟ ಮುಗಿಸಿ ಎದ್ದ ಒಬ್ಬ ಮುದುಕಿಯ ಬಾಯಲ್ಲಿ ಉತ್ತರ ಕಳಿಸಿದ್ದಕ್ಕೆ ಅಡ್ಡಬಿದ್ದೆ. ಕಿವಿ ವಾಸಿ ಮಾಡು ಎಂದು ಕೇಳಲು ಬಾಯಿ ತೆರೆದೆ, ಕೇಳಲು ಆಗಲಿಲ್ಲ. ಕೇಳುವುದು ಬೇಡವೆಂದೂ ಅಲ್ಲ, ಕೇಳಿದರೆ ಕೊಡುವುದಿಲ್ಲವೆಂದೂ ಅಲ್ಲ. ಕೇಳುವುದನ್ನೆಲ್ಲ ಅತ್ತೆ ನನ್ನ ಪರವಾಗಿ ಎಂದೋ ಕೇಳಿಬಿಟ್ಟಿದ್ದರು. ಗದ್ದುಗೆಯ ಮುಂದೆ ಕುಳಿತೆ. ಜನ ಬರುತ್ತಿದ್ದರು, ಹೋಗುತ್ತಿದ್ದರು. ಯಾರೂ ನನ್ನನ್ನು ಏಳು ಎನ್ನಲಿಲ್ಲ.